ಪಂಕ್ತಿಯ ಹೊರಗಿನ ಇಬ್ಬರು

ಊಟದ ಮನೆಗೆ ಮೆಟ್ಟಿಲು ಹತ್ತಿ ಹೋಗುವುದು ನಮ್ಮ ಊರುಗಳ ವಾಡಿಕೆ. ಜಾರ್ಜಿಯ ದೇಶದ ರಾಜಧಾನಿಯಾದ ತ್ಬಿಲಿಸಿಯ ಹಳೆಯ ಪೇಟೆಯಲ್ಲಿ ಅನೇಕ ಕಡೆ ಮೆಟ್ಟಿಲು ಇಳಿದು ಹೋಗಬೇಕು. ಬೀದಿಯ ಮಟ್ಟಕ್ಕಿಂತ ನಾಲ್ಕೈದು ಮೆಟ್ಟಿಲು ಕೆಳಗೆ, ಇಟ್ಟಿಗೆಯ ಕಮಾನಿನಡಿಯಲ್ಲಿ, ಎಂಟು ಹತ್ತು ಮೇಜುಗಳ ಒಂದು ಕೋಣೆ. ಹೊರಗೆ ಚಳಿಗಾಳಿ ಬೀಸುತ್ತಿದ್ದರೂ ಒಳಗೆ ಒಲೆಯ ಕಾವು. ಆಗತಾನೆ ಸುಟ್ಟ ರೊಟ್ಟಿಯ ವಾಸನೆ, ಬೆಳ್ಳುಳ್ಳಿಯ ವಾಸನೆ, ಇವೆರಡರ ನಡುವೆ ನಮಗೆ ತೀರ ಪರಿಚಿತವಾದ ಹಸಿ ಕೊತ್ತಂಬರಿಯ ವಾಸನೆ. ಗೋಡೆಯ ಮೇಲೆ ಒಂದು ಚಿತ್ರ: ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಬಟ್ಟೆ ಹಾಸಿದ ಉದ್ದನೆಯ ಮೇಜು, ಅದರ ಹಿಂದೆ ಸಾಲಾಗಿ ಕುಳಿತ, ದಪ್ಪ ಮೀಸೆಯ, ಗಂಭೀರ ಮುಖದ ಗಂಡಸರು, ಅವರ ಕೈಯಲ್ಲಿ ಕೊಂಬಿನ ಪಾನಪಾತ್ರೆ.

ಚಿತ್ರದಲ್ಲಿರುವವರು ಉಣ್ಣುತ್ತಿದ್ದಾರೆ. ಆದರೆ ಆ ಚಿತ್ರವನ್ನು ಬರೆದವನು ಉಂಡನೆ? ಅವರ ಮುಂದಿರುವ ಅಡಿಗೆಯನ್ನು ಮಾಡಿದವಳು ಎಲ್ಲಿ ಕುಳಿತು ಉಂಡಳು? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ಒಂದು ಸಣ್ಣ ನಾಡಿನ ಎರಡು ಶತಮಾನಗಳ ಚರಿತ್ರೆ ಊಟದ ಮೇಜಿನ ಮೇಲೆಯೇ ದೊರೆಯುತ್ತದೆ.

ನಾಡು ನಿಜಕ್ಕೂ ಸಣ್ಣದು. ಕಾಕಸಸ್ ಪರ್ವತಶ್ರೇಣಿಯ ದಕ್ಷಿಣಕ್ಕೆ, ಕಪ್ಪು ಸಮುದ್ರದ ಪೂರ್ವ ದಂಡೆಗೆ ಒತ್ತಿಕೊಂಡಿರುವ ಈ ದೇಶದ ವಿಸ್ತಾರ ನಮ್ಮ ರಾಜ್ಯದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆ ನಲವತ್ತು ಲಕ್ಷಕ್ಕೂ ಕಡಿಮೆ. ಪರ್ಷಿಯದವರು, ತುರ್ಕರು, ರಷ್ಯನರು ಒಬ್ಬರಾದ ಮೇಲೊಬ್ಬರು ಈ ದಾರಿಯಲ್ಲಿ ಬಂದುಹೋದರು. ವೈದ್ಯ ವಿದ್ಯೆಯನ್ನು ಅರಸಿ ನಮ್ಮ ದೇಶದ ಸಾವಿರಾರು ವಿದ್ಯಾರ್ಥಿಗಳು ಈಚಿನ ವರ್ಷಗಳಲ್ಲಿ ತ್ಬಿಲಿಸಿಗೆ ಹೋಗತೊಡಗಿದ ಮೇಲೆ ಆ ಊರಿನ ಹೆಸರು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಮಗ ಅಥವಾ ಮಗಳು ಅಲ್ಲಿ ಏನು ತಿನ್ನುತ್ತಾರೋ ಎಂದು ಚಿಂತಿಸುವ ತಾಯಂದಿರು ಮುಂದಿನ ನಾಲ್ಕು ಮಾತನ್ನು ಓದಿ ಸಮಾಧಾನ ತಂದುಕೊಳ್ಳಬಹುದು.

ಜಾರ್ಜಿಯದ ಭಾಷೆಯಲ್ಲಿ ರೊಟ್ಟಿಗೆ 'ಪುರಿ' ಎಂದು ಹೆಸರು. ನಮ್ಮ ಪೂರಿಗೂ ಅದಕ್ಕೂ ನಂಟಿಲ್ಲ. ಅದು ಎಣ್ಣೆಯಲ್ಲಿ ಕರಿದದ್ದಲ್ಲ, 'ತೋನೆ' ಎಂಬ ಬಾವಿಯಂತಹ ಮಣ್ಣಿನ ಒಲೆಯ ಒಳಗೋಡೆಗೆ ಹಿಟ್ಟನ್ನು ಬಡಿದು ಸುಟ್ಟದ್ದು. ಉತ್ತರ ಹಿಂದೂಸ್ಥಾನದ ತಂದೂರನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒಳಗೆ ಗಿಣ್ಣು ತುಂಬಿ ಬೇಯಿಸಿದ ರೊಟ್ಟಿ 'ಖಚಾಪುರಿ'. ಇಮೆರೆಟಿ ಸೀಮೆಯವರು ಅದನ್ನು ನಮ್ಮ ಹೋಳಿಗೆಯಂತೆ ಗುಂಡಗೆ ಮಾಡುತ್ತಾರೆ. ಸಮುದ್ರ ತೀರದ ಅಜಾರಿಯದವರು ದೋಣಿಯಾಕಾರ ಕೊಟ್ಟು ನಡುವೆ ಒಂದು ಮೊಟ್ಟೆ ಒಡೆದು ಬಿಡುತ್ತಾರೆ. 'ಲೋಬಿಯೊ' ಎಂಬುದು ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಗಟ್ಟಿ ಸಾರು. ಹಿಂದಿಯವರು ಅಲಸಂದೆಗೆ 'ಲೋಬಿಯಾ' ಎನ್ನುವುದನ್ನು ನೆನೆದರೆ, ಪರ್ಷಿಯದ ಆ ಒಂದು ಮಾತು ಎರಡು ದಿಕ್ಕಿಗೂ ಪ್ರಯಾಣ ಮಾಡಿರುವುದು ಕಾಣುತ್ತದೆ. ಪಶ್ಚಿಮದ ಮೆಗ್ರೇಲಿಯ ಸೀಮೆಯ 'ಘೋಮಿ'ಯನ್ನು ಕಂಡರಂತೂ ಮುದ್ದೆ ಉಂಡು ಬೆಳೆದವರು ಎರಡು ಸಲ ನೋಡಿಯಾರು. ಈಗ ಅದನ್ನು ಮೆಕ್ಕೆಜೋಳದ ಹಿಟ್ಟಿನಿಂದ ತೊಳಸುತ್ತಾರೆ. ಆದರೆ ಮೆಕ್ಕೆಜೋಳ ಅಮೆರಿಕ ಖಂಡದಿಂದ ಬಂದದ್ದು. ಅದು ಬರುವ ಮುನ್ನ ಘೋಮಿ ಎಂದರೆ ನವಣೆ. ಧಾನ್ಯ ಹೋಯಿತು, ಹೆಸರು ಉಳಿಯಿತು. ಬಿಸಿ ಘೋಮಿಯೊಳಕ್ಕೆ 'ಸುಲ್ಗುನಿ' ಎಂಬ ಗಿಣ್ಣಿನ ತುಂಡುಗಳನ್ನು ಒತ್ತಿ, ಅದು ಕರಗಿದಾಗ ತಿನ್ನಬೇಕು.

ಮಾಂಸ ತಿನ್ನದವರಿಗೆ ಆ ದೇಶದಲ್ಲಿ ಉಪವಾಸವೆಂದು ತಿಳಿಯಬೇಕಾಗಿಲ್ಲ. ನಿಜವಾಗಿ ಅಲ್ಲಿನ ಉಪವಾಸವೇ ಅವರ ರಕ್ಷಣೆಗೆ ಬರುತ್ತದೆ. ಜಾರ್ಜಿಯದವರು ಬಹುಮಟ್ಟಿಗೆ ಸನಾತನ ಕ್ರೈಸ್ತ ಪಂಥದವರು. ಆ ಪಂಥದ ಕಟ್ಟಳೆಯಂತೆ ವರ್ಷದಲ್ಲಿ ಅನೇಕ ವಾರಗಳು, ಸಾಲದೆಂದು ಬುಧವಾರ ಶುಕ್ರವಾರಗಳು, ಮಾಂಸವೂ ಇಲ್ಲ, ಹಾಲು ಮೊಟ್ಟೆಗಳೂ ಇಲ್ಲ. ಆದುದರಿಂದ ಆ ಗೃಹಿಣಿಯರ ಜಾಣ್ಮೆಯೆಲ್ಲ ಸೊಪ್ಪು ಮತ್ತು ಅಕ್ರೋಟುಗಳ ಮೇಲೆ ಹರಿಯಿತು. ಪಾಲಕ್, ಬೀಟ್‌ರೂಟು, ಎಲೆಕೋಸು ಯಾವುದಾದರೂ ಸರಿ, ಬೇಯಿಸಿ, ಹಿಂಡಿ, ಸಣ್ಣಗೆ ಕೊಚ್ಚಿ, ಅಕ್ರೋಟು ಬೆಳ್ಳುಳ್ಳಿಗಳ ಅರಪನ್ನು ಕಲಸಿ, ಮೇಲೆ ದಾಳಿಂಬೆಯ ಕಾಳು ಉದುರಿಸಿದರೆ ಅದು 'ಪ್ಖಾಲಿ'. ಬದನೆಕಾಯಿಯ ಸೀಳುಗಳಲ್ಲಿ ಅದೇ ಅರಪನ್ನು ಸುತ್ತಿದರೆ ಮತ್ತೊಂದು ಭಕ್ಷ್ಯ. ನಮ್ಮಲ್ಲಿ ತೆಂಗಿನಕಾಯಿಗೆ ಇರುವ ಸ್ಥಾನ ಅಲ್ಲಿ ಅಕ್ರೋಟಿಗೆ. ನಮ್ಮ ಮೆಂತ್ಯದ ನಂಟಿನ ನೀಲಿ ಹೂವಿನ ಒಂದು ಸಸ್ಯವೂ ಅವರ ಮಸಾಲೆ ಡಬ್ಬಿಯಲ್ಲಿ ಉಂಟು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ 'ಪರದೇಶದ ಪರಿಮಳ'.

ಇಷ್ಟೆಲ್ಲ ಬಂದು ಮೇಜು ತುಂಬಿದರೂ ಊಟ ಇನ್ನೂ ಆರಂಭವಾಗಿರುವುದಿಲ್ಲ. ಜಾರ್ಜಿಯದ ಔತಣಕ್ಕೆ 'ಸುಪ್ರಾ' ಎಂದು ಹೆಸರು. ಊಟಕ್ಕೆ ಹಾಸುವ ಬಟ್ಟೆ ಎಂದೇ ಆ ಮಾತಿನ ಮೂಲಾರ್ಥ. ಸುಪ್ರಾಕ್ಕೆ ಒಬ್ಬ ಯಜಮಾನ ಬೇಕು. ಅವನು 'ತಮಾಡಾ'. ಅವನು ಎದ್ದು ಮಾತನಾಡಿದ ಹೊರತು ಯಾರೂ ದ್ರಾಕ್ಷಾರಸದ ಬಟ್ಟಲನ್ನು ತುಟಿಗೆ ತಾಗಿಸುವಂತಿಲ್ಲ. ದೇವರು, ಶಾಂತಿ, ತಾಯ್ನಾಡು, ತಂದೆತಾಯಿಗಳು, ಅಗಲಿದವರು, ಮಕ್ಕಳು, ಹೆಂಗಸರು, ಅತಿಥಿಗಳು ಎಂದು ಒಂದೊಂದರ ಹೆಸರಿನಲ್ಲಿಯೂ ಒಂದೊಂದು ಮಾತು, ಒಂದೊಂದು ಬಟ್ಟಲು; ನಡುನಡುವೆ ಮೂರು ದನಿಗಳ ಹಾಡು. ಬಾಯಿಗೆ ಬಂದಂತೆ ಕುಡಿದು ತೂರಾಡುವವನಿಗೆ ಅಲ್ಲಿ ಮರ್ಯಾದೆಯಿಲ್ಲ. ಆ ಮೇಜಿನ ಹಾಡುಗಳಲ್ಲಿ ಒಂದಾದ 'ಚಕ್ರುಲೊ' 1977ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಸೇರಿ ಸೌರಮಂಡಲವನ್ನು ದಾಟಿ ಹೋಗುತ್ತಿದೆ. ಭೂಲೋಕದವರ ಊಟದ ಹಾಡು ಆಕಾಶದಲ್ಲಿ ಯಾರ ಕಿವಿಗೆ ಬೀಳುವುದೋ!

ದ್ರಾಕ್ಷಾರಸವಂತೂ ಆ ನೆಲದಲ್ಲಿ ಬಹು ಹಳೆಯದು. ತ್ಬಿಲಿಸಿಯ ದಕ್ಷಿಣಕ್ಕಿರುವ ಎರಡು ಪ್ರಾಚೀನ ದಿಬ್ಬಗಳಲ್ಲಿ ದೊರೆತ ಮಡಕೆಯ ಚೂರುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು 8,000 ವರ್ಷಗಳ ಹಿಂದೆಯೇ ಅಲ್ಲಿ ದ್ರಾಕ್ಷಾರಸ ತಯಾರಾಗುತ್ತಿದ್ದಿತೆಂದು 2017ರಲ್ಲಿ ಪ್ರಕಟಿಸಿದರು. 'ಕ್ವೆವ್ರಿ' ಎಂಬ ದೊಡ್ಡ ಮಣ್ಣಿನ ಹಂಡೆಗಳನ್ನು ಕಂಠದವರೆಗೆ ನೆಲದಲ್ಲಿ ಹೂಳಿ ರಸವನ್ನು ಹುದುಗಲು ಬಿಡುವ ಪದ್ಧತಿ ಇಂದಿಗೂ ಉಂಟು. 2013ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ರಸ ಹಳೆಯದಾದ ಮಾತ್ರಕ್ಕೆ ತಮಾಡಾನ ಮಾತಿನ ಕ್ರಮವೂ ಅಷ್ಟೇ ಹಳೆಯದೆಂದು ಹೇಳಲಾಗದು. ಈಗಿನ ವಿದ್ವಾಂಸರಲ್ಲಿ ಕೆಲವರು, ಸುಪ್ರಾ ಇಂದಿನ ಕಟ್ಟುನಿಟ್ಟಿನ ರೂಪವನ್ನು ತಾಳಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಎನ್ನುತ್ತಾರೆ. ಅದು ಎಂತಹ ಕಾಲವೆಂಬುದನ್ನು ಗಮನಿಸಬೇಕು. 1795ರಲ್ಲಿ ಪರ್ಷಿಯದ ಆಗಾ ಮಹಮ್ಮದ್ ಖಾನನು ತ್ಬಿಲಿಸಿಯನ್ನು ಸುಲಿದು ಸುಟ್ಟನು. 1801ರಲ್ಲಿ ರಷ್ಯದ ಝಾರನು ರಾಜ್ಯವನ್ನೇ ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡನು. ಸಿಂಹಾಸನ ಹೋಯಿತು, ದರಬಾರು ಹೋಯಿತು. ಉಳಿದದ್ದು ಊಟದ ಮೇಜು. ರಾಜನಿಲ್ಲದ ನಾಡಿನಲ್ಲಿ ತಮಾಡಾ ಒಂದು ರಾತ್ರಿಯ ರಾಜನಾದನು. ತಾಯ್ನಾಡಿನ ಹೆಸರಿನಲ್ಲಿ ಎದ್ದು ನಿಲ್ಲಲು ಬೇರೆ ಸಭೆಯಿಲ್ಲದವರು ಉಣ್ಣುವಾಗ ಎದ್ದು ನಿಂತರು. ನಾಡಿನ ನೆನಪನ್ನು ಕಾಯ್ದದ್ದು ಊಟದ ಪಂಕ್ತಿಯೆಂದು ಜಾರ್ಜಿಯದವರು ಹೆಮ್ಮೆಪಡುವುದು ಸಕಾರಣವಾಗಿದೆ. ಆದರೆ ಆ ಪಂಕ್ತಿಯನ್ನು ಕಾಯ್ದವರು ಯಾರು? ಅವರಲ್ಲಿ ಇಬ್ಬರು ಅದರ ಹೊರಗೆ ಇದ್ದವರು.

ಮೊದಲನೆಯವಳು ಬಾರ್ಬಾರೆ ಜೋರ್ಜಾಡ್ಜೆ. 1833ರಲ್ಲಿ ಸಿರಿವಂತರ ಮನೆತನದಲ್ಲಿ ಹುಟ್ಟಿದ ಆಕೆಗೆ ಹನ್ನೆರಡನೆಯ ವಯಸ್ಸಿಗೇ ಮದುವೆಯಾಯಿತು. ಶಾಲೆಯ ಮೆಟ್ಟಿಲು ಹತ್ತದೆಯೇ ಓದು ಬರಹ ಕಲಿತು, ಪದ್ಯ ಬರೆದಳು, ನಾಟಕ ಬರೆದಳು. ಮುಂದೆ ರಾಷ್ಟ್ರಪಿತನೆನಿಸಿಕೊಂಡ ಇಲಿಯಾ ಚಾವ್ಚಾವಾಡ್ಜೆ ತರುಣನಾಗಿದ್ದಾಗ, 1861ರಲ್ಲಿ, ಭಾಷೆಯ ಸುಧಾರಣೆಯನ್ನು ಕುರಿತು ಬರೆದ ಲೇಖನಕ್ಕೆ ಪತ್ರಿಕೆಯಲ್ಲಿಯೇ ಎದುರುತ್ತರ ಕೊಟ್ಟ ಧೈರ್ಯವಂತೆ ಆಕೆ. ಆ ವಾದದಲ್ಲಿ ಗೆದ್ದದ್ದು ತರುಣರ ಪಕ್ಷವೇ. ಆದರೆ 1874ರಲ್ಲಿ ಆಕೆ ಯಾರೂ ವಾದಿಸಲಾಗದ ಒಂದು ಪುಸ್ತಕವನ್ನು ಅಚ್ಚು ಮಾಡಿಸಿದಳು. ಅದು ಜಾರ್ಜಿಯದ ಅಡಿಗೆಯನ್ನೂ ಗೃಹಕೃತ್ಯದ ಅನುಭವಗಳನ್ನೂ ಕುರಿತ ಪುಸ್ತಕ. ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ಬರುತ್ತಿದ್ದ ವಿದ್ಯೆ ಅಳತೆ, ಹದ, ಹೊತ್ತುಗಳ ಸಹಿತ ಅಕ್ಷರಕ್ಕಿಳಿಯಿತು.

ಅಡಿಗೆಯ ಪುಸ್ತಕ ಬರೆದವಳೆಂದ ಮಾತ್ರಕ್ಕೆ ಆಕೆ ಅಡಿಗೆಮನೆಯೇ ಹೆಣ್ಣಿನ ಸ್ವರ್ಗವೆಂದು ಬಗೆದಿದ್ದಳೆಂದು ತಿಳಿಯಬಾರದು. 1893ರಲ್ಲಿ, ಅರವತ್ತರ ಹರೆಯದಲ್ಲಿ, ತರುಣರ ಅವಗಾಹನೆಗೆಂದು ಆಕೆ 'ಕ್ವಾಲಿ' ಪತ್ರಿಕೆಯಲ್ಲಿ ಒಂದು ಲೇಖನ ಬರೆದಳು. ಹೆಣ್ಣಾಗಿ ಹುಟ್ಟಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕೆಂದು ಹುಟ್ಟಿನಿಂದ ಕಲಿಸಿ, ಆಮೇಲೆ ಹೆಂಗಸರಿಗೆ ತಿಳಿವಳಿಕೆಯಿಲ್ಲವೆಂದು ಹಳಿಯುವ ಗಂಡಸರನ್ನು ಆಕೆ ಅದರಲ್ಲಿ ತರಾಟೆಗೆ ತೆಗೆದುಕೊಂಡಳು. ಎರಡು ವರ್ಷಗಳ ಮೇಲೆ, 1895ರಲ್ಲಿ, ತೀರಿಕೊಂಡಳು. ಸುಪ್ರಾದಲ್ಲಿ ಹೆಂಗಸರ ಹೆಸರಿನ ಬಟ್ಟಲು ತಪ್ಪುವುದಿಲ್ಲ. ಗಂಡಸರೆಲ್ಲರೂ ಎದ್ದು ನಿಂತು ಕುಡಿಯುತ್ತಾರೆ. ಆ ಹೊತ್ತಿಗೆ ಆ ಹೆಂಗಸರು ಒಳಗೆ ಮುಂದಿನ ತಟ್ಟೆಯನ್ನು ಅಣಿಮಾಡುತ್ತಿರುತ್ತಿದ್ದರು. ಇದನ್ನು ಓದಿ ನಗುವ ಮುನ್ನ, ನಮ್ಮ ಮದುವೆ ಮುಂಜಿಗಳಲ್ಲಿ ಸೊಂಟಕ್ಕೆ ಸೆರಗು ಬಿಗಿದು ದುಡಿದ ನಮ್ಮ ಅಜ್ಜಿಯರು ಯಾವ ಪಂಕ್ತಿಗೆ ಕೂರುತ್ತಿದ್ದರೆಂಬುದನ್ನು ನೆನೆದುಕೊಳ್ಳುವುದು ಒಳ್ಳೆಯದು.

ಎರಡನೆಯವನು ನಿಕೋ ಪಿರೋಸ್ಮಾನಿ. ನಾವು ಮೊದಲಿಗೆ ಕಂಡ ಚಿತ್ರವನ್ನು ಬರೆದವನು ಇವನೇ. ಇವನ ಕತೆಗೆ ಮುನ್ನ ಅಂದಿನ ಊಟದ ಮನೆಗಳ ವಿಚಾರ ಒಂದಿಷ್ಟು ತಿಳಿದಿರಬೇಕು. ಆಗ ತಿಫ್ಲಿಸ್ ಎಂದು ಕರೆಸಿಕೊಳ್ಳುತ್ತಿದ್ದ ಆ ನಗರ ಜಾರ್ಜಿಯದವರು, ಆರ್ಮೇನಿಯದವರು, ರಷ್ಯನರು, ಪರ್ಷಿಯನರು ಕೂಡಿ ಬಾಳುತ್ತಿದ್ದ ಪೇಟೆ. ಅಲ್ಲಿನ ಕುಶಲಕರ್ಮಿಗಳೂ ಗಾಡಿಯವರೂ ಉಣ್ಣುತ್ತಿದ್ದ ನೆಲಮಾಳಿಗೆಯ ಊಟದ ಮನೆಗಳಿಗೆ 'ದುಖಾನ್' ಎಂದು ಹೆಸರು. ಬೆಳಗಾವಿ ಧಾರವಾಡದ ಕಡೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಅರಬ್ಬಿಯಿಂದ ಹೊರಟು ಅವರ ಬಾಯಲ್ಲಿ 'ದುಕಾನು' ಆದ ಮಾತೇ ಇದು. ಅರ್ಥ ಮಾತ್ರ ಅಂಗಡಿಯಿಂದ ಖಾನಾವಳಿಗೆ ಜಾರಿದೆ. ಓದು ಬಾರದ ಗಿರಾಕಿಗಳನ್ನು ಕರೆಯಲು ದುಖಾನಿನ ಯಜಮಾನನಿಗೆ ಬಾಗಿಲ ಮೇಲೆ ಒಂದು ಚಿತ್ರಫಲಕ ಬೇಕಾಗಿತ್ತು. ಒಳಗಿನ ಗೋಡೆಗೂ ಒಂದೆರಡು ಚಿತ್ರಗಳಿದ್ದರೆ ಶೋಭೆ.

ಪಿರೋಸ್ಮಾನಿ 1862ರಲ್ಲಿ ಪೂರ್ವದ ಕಾಖೆಟಿ ಸೀಮೆಯ ಮಿರ್ಜಾನಿ ಎಂಬ ಹಳ್ಳಿಯಲ್ಲಿ ರೈತನ ಮಗನಾಗಿ ಹುಟ್ಟಿದನು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ನಗರ ಸೇರಿದನು. ಕೆಲವು ವರ್ಷ ರೈಲ್ವೆಯಲ್ಲಿ ದುಡಿದನು. ಪಾಲುದಾರನೊಡನೆ ಹಾಲಿನ ಅಂಗಡಿಯನ್ನೂ ಇಟ್ಟನು. ಯಾವುದೂ ನೆಲೆನಿಲ್ಲಲಿಲ್ಲ. ಗುರುವಿಲ್ಲದೆ ಕಲಿತ ಚಿತ್ರವಿದ್ಯೆಯೊಂದೇ ಕೈಯಲ್ಲಿ ಉಳಿಯಿತು. ಬಣ್ಣದ ಡಬ್ಬಿಯನ್ನು ಹಿಡಿದು ದುಖಾನಿನಿಂದ ದುಖಾನಿಗೆ ಅಲೆದನು. ಕಪ್ಪು ಮೇಣಗಪಡದ ಮೇಲೆ ಬರೆಯುವುದು ಅವನ ರೂಢಿ. ಕಪ್ಪು ಬೇಕಾದ ಕಡೆ ಬಣ್ಣ ಹಚ್ಚದೆ ಹಾಗೆಯೇ ಬಿಡುತ್ತಿದ್ದನು. ಅನೇಕ ಸಲ ಅವನ ಕೂಲಿ ಒಂದು ಹೊತ್ತಿನ ಊಟ, ಒಂದಿಷ್ಟು ದ್ರಾಕ್ಷಾರಸ, ಮಲಗಲು ಒಂದು ಮೂಲೆ. ಹೀಗೆ ಸಿರಿವಂತರ ಔತಣಗಳನ್ನು ಮೇಲಿಂದ ಮೇಲೆ ಬರೆದವನು ಬರೆದು ಮುಗಿಸಿದಾಗ ಅಡಿಗೆಯ ಬದಿಯಲ್ಲಿ ಕುಳಿತು ತನ್ನ ಕೂಲಿಯನ್ನು ಉಂಡನು.

1912ರಲ್ಲಿ ಇಬ್ಬರು ಸೋದರರೂ ಅವರ ಸ್ನೇಹಿತನಾದ ಒಬ್ಬ ಚಿತ್ರಕಾರನೂ ದುಖಾನೊಂದರಲ್ಲಿ ಈ ಚಿತ್ರಗಳನ್ನು ಕಂಡು ಬೆರಗಾದರು. ಮರುವರ್ಷ ಕೆಲವು ಚಿತ್ರಗಳು ಮಾಸ್ಕೋ ನಗರದ ಪ್ರದರ್ಶನದಲ್ಲಿಯೂ ತೂಗಿದವು. 1916ರಲ್ಲಿ ತಿಫ್ಲಿಸ್ಸಿನ ಕಲಾವಿದರ ಸಂಘದವರು ಅವನನ್ನು ಸಭೆಗೆ ಕರೆದರು. ಅಲ್ಲಿ ಅವನು ಆಡಿದ ಒಂದು ಮಾತನ್ನು ಕೇಳಿದವರು ನೆನಪಿನಲ್ಲಿಟ್ಟಿದ್ದಾರೆ. ಊರಿನ ನಡುವೆ ನಾವೊಂದು ದೊಡ್ಡ ಮರದ ಮನೆ ಕಟ್ಟೋಣ, ಅದರಲ್ಲಿ ಒಂದು ದೊಡ್ಡ ಮೇಜು, ಮೇಜಿನ ಮೇಲೆ ಚಹದ ದೊಡ್ಡ ಸಮೋವಾರು. ಎಲ್ಲರೂ ಕುಳಿತು ಚಹ ಕುಡಿಯುತ್ತ ಕಲೆಯ ವಿಚಾರ ಮಾತನಾಡೋಣ ಎಂದನಂತೆ. ಅಷ್ಟು ಮೇಜುಗಳನ್ನು ಬರೆದವನು ಜೀವನದಲ್ಲಿ ಬೇಡಿದ್ದು ತಾನೂ ಕೂರಬಹುದಾದ ಒಂದೇ ಮೇಜನ್ನು! ಅದು ದೊರೆಯಲಿಲ್ಲ. ಸ್ವಲ್ಪ ದಿನಗಳಲ್ಲಿ ಪತ್ರಿಕೆಯೊಂದರಲ್ಲಿ ಅವನನ್ನು ಗೇಲಿಮಾಡಿದ ವ್ಯಂಗ್ಯಚಿತ್ರ ಬಂದಿತು. ನೊಂದ ಅವನು ಸಂಘದ ಕಡೆ ಮತ್ತೆ ಸುಳಿಯಲಿಲ್ಲ. ಅಷ್ಟರಲ್ಲಿ ಅವನ ಅನ್ನಕ್ಕೂ ಕುತ್ತು ಬಂದಿತ್ತು. 1914ರಲ್ಲಿ ಯುದ್ಧ ಆರಂಭವಾದೊಡನೆ ಝಾರನ ಸರ್ಕಾರ ಪಾನನಿರೋಧವನ್ನು ಹೇರಿದ್ದಿತು; ದುಖಾನುಗಳ ವ್ಯಾಪಾರ ಕುಸಿದ ಮೇಲೆ ಫಲಕ ಬರೆಯಿಸುವವರಾರು? 1918ರ ಏಪ್ರಿಲ್ ತಿಂಗಳಲ್ಲಿ, ನೆಲಮಾಳಿಗೆಯ ಕೋಣೆಯೊಂದರಲ್ಲಿ ಹಸಿವು ರೋಗಗಳಿಂದ ಬಳಲಿದ ಅವನನ್ನು ಕಂಡವರು ಆಸ್ಪತ್ರೆಗೆ ಸಾಗಿಸಿದರು. ಅವನು ಉಳಿಯಲಿಲ್ಲ. ಅವನ ಗೋರಿ ಯಾವುದೆಂದು ಇಂದು ಯಾರಿಗೂ ತಿಳಿಯದು. ಅದೇ ವರ್ಷ ಮೇ 26ರಂದು ಜಾರ್ಜಿಯ ತನ್ನ ಸ್ವಾತಂತ್ರ್ಯವನ್ನು ಸಾರಿತು.

ಆ ಸ್ವಾತಂತ್ರ್ಯ ಮೂರು ವರ್ಷ ಬಾಳಿತು. 1921ರಲ್ಲಿ ಕೆಂಪು ಸೇನೆ ಬಂದಿತು. ಖಾಸಗಿ ದುಖಾನುಗಳ ಕಾಲ ಮುಗಿದು ಸರ್ಕಾರಿ ಭೋಜನಶಾಲೆಗಳ ಕಾಲ ಬಂದಿತು. ಆದರೆ ಜಾರ್ಜಿಯದ ಅಡಿಗೆಗೆ ಒಂದು ವಿಚಿತ್ರ ಭಾಗ್ಯವೂ ಒದಗಿತು. ಸಾಮ್ರಾಜ್ಯದ ಮೇಲೆ ಆಗ ಆಳುತ್ತಿದ್ದ ಸ್ಟಾಲಿನ್ ಆ ನಾಡಿನವನೇ. ಯುದ್ಧಕ್ಕೆ ಸ್ವಲ್ಪ ಮುಂಚೆ ಮಾಸ್ಕೋವಿನಲ್ಲಿ 'ಅರಾಗ್ವಿ' ಎಂಬ ಜಾರ್ಜಿಯದ ಊಟದ ಮನೆ ವೈಭವದಿಂದ ತೆರೆಯಿತು. 1939ರಲ್ಲಿ ಸೋವಿಯತ್ ಸರ್ಕಾರ ಹೊರಡಿಸಿದ ಪ್ರಸಿದ್ಧ ಅಡಿಗೆಯ ಪುಸ್ತಕದಲ್ಲಿ ಆ ನಾಡಿನ ಭಕ್ಷ್ಯಗಳಿಗೂ ಸ್ಥಳ ದೊರೆಯಿತು. ನಾಡಿನ ಅಡಿಗೆ ಸಾಮ್ರಾಜ್ಯದ ಅಡಿಗೆಯಾಯಿತು; ಜೊತೆಗೆ ಎಲ್ಲ ಕಡೆಗೂ ಒಂದೇ ಅಳತೆ, ಒಂದೇ ರುಚಿ ಎಂಬ ಕಾರ್ಖಾನೆಯ ನಿಯಮವೂ ಬಂದಿತು. ನೂರಾರು ಬಗೆಯ ದ್ರಾಕ್ಷಿಯಿದ್ದ ನೆಲದಲ್ಲಿ ಕೆಲವೇ ಬಗೆಗಳಿಗೆ ಮನ್ನಣೆ ಉಳಿಯಿತು. 1985ರಲ್ಲಿ ಗೋರ್ಬಚೆವ್ ಪಾನವಿರೋಧದ ಚಳವಳಿಯನ್ನು ಹೂಡಿದಾಗ ಎಷ್ಟೋ ದ್ರಾಕ್ಷಿತೋಟಗಳನ್ನು ಬೇರುಸಹಿತ ಕಿತ್ತರು. ಹಳೆಯ ಹದ ಉಳಿದದ್ದು ಹಳ್ಳಿಯ ಮನೆಗಳಲ್ಲಿ. ಹೂತ ಹಂಡೆಗಳಲ್ಲಿ, ಮತ್ತು ಹೆಂಗಸರ ಕೈಗಳಲ್ಲಿ.

1991ರ ಏಪ್ರಿಲ್ 9ರಂದು ನಾಡು ಮತ್ತೆ ಸ್ವತಂತ್ರವಾಯಿತು. ಅದೇ ವರ್ಷದ ಕೊನೆಯಲ್ಲಿ ರಾಜಧಾನಿಯ ಮುಖ್ಯ ಬೀದಿಯಲ್ಲಿಯೇ ಅಣ್ಣತಮ್ಮಂದಿರ ಕದನ ನಡೆಯಿತು. ಮುಂದಿನ ವರ್ಷಗಳಲ್ಲಿ ವಿದ್ಯುತ್ತಿಲ್ಲ, ಅನಿಲವಿಲ್ಲ; ಸೀಮೆ ಎಣ್ಣೆಯ ಒಲೆಯ ಮುಂದೆ ಚಳಿಗಾಲಗಳು ಕಳೆದವು, ರೊಟ್ಟಿಗಾಗಿ ಜನ ಸಾಲು ನಿಂತರು. 2006ರಲ್ಲಿ ರಷ್ಯ ಜಾರ್ಜಿಯದ ದ್ರಾಕ್ಷಾರಸವನ್ನು ಕೊಳ್ಳುವುದನ್ನು ನಿಲ್ಲಿಸಿತು. 2008ರಲ್ಲಿ ಯುದ್ಧವೂ ನಡೆಯಿತು. ದೊಡ್ಡ ಗಿರಾಕಿಯನ್ನು ಕಳೆದುಕೊಂಡ ಪೆಟ್ಟಿನಿಂದಲೇ ಒಂದು ಒಳ್ಳೆಯದೂ ಆಯಿತೆನ್ನಬೇಕು. ಬೇರೆ ದೇಶಗಳ ಮಾರುಕಟ್ಟೆಯನ್ನು ಹುಡುಕಬೇಕಾಗಿ ಬಂದವರು ಕಾರ್ಖಾನೆಯ ಸಿಹಿರಸವನ್ನು ಬಿಟ್ಟು ಅಜ್ಜನ ಹಂಡೆಯ ಕಡೆ ತಿರುಗಿದರು. ಊಟದ ಮನೆಗಳೂ ಹಾಗೆಯೇ ಅಜ್ಜಿಯ ಪುಸ್ತಕದ ಕಡೆ ತಿರುಗಿದವು.

ಇದು ಅಲಂಕಾರದ ಮಾತಲ್ಲ. ತ್ಬಿಲಿಸಿಯ ಒಂದು ಕುಟುಂಬದವರಿಗೆ ಹಳೆಯ ಸಾಮಾನಿನ ಸಂತೆಯಲ್ಲಿ ಬಾರ್ಬಾರೆಯ ಪುಸ್ತಕದ ಒಂದು ಪ್ರತಿ ಸಿಕ್ಕಿತಂತೆ. ಅವರು 2015ರಲ್ಲಿ ಅದನ್ನೇ ಆಧಾರವಾಗಿಟ್ಟು ಒಂದು ಊಟದ ಮನೆಯನ್ನು ತೆರೆದರು. ಆಕೆಯ ಹೆಸರಿನಿಂದಲೇ ಅದಕ್ಕೆ 'ಬಾರ್ಬಾರೆಸ್ತಾನ್' ಎಂದು ಹೆಸರಿಟ್ಟರು. ಬಾಯಿ ಮುಚ್ಚಿಕೊಂಡಿರಬೇಕೆಂಬ ಬುದ್ಧಿಮಾತನ್ನು ಕೇಳಿ ಬೆಳೆದ ಹೆಣ್ಣುಮಗಳ ಹೆಸರು ಬೀದಿಯ ಬಾಗಿಲ ಮೇಲೇರಿತು. ಪಿರೋಸ್ಮಾನಿಯ ಹಣೆಬರಹವೂ ಅವನು ಸತ್ತ ಮೇಲೆ ತಿರುಗಿತು. ಉಳಿದ ಸುಮಾರು 200 ಚಿತ್ರಗಳಲ್ಲಿ ಹೆಚ್ಚಿನವು ಈಗ ರಾಷ್ಟ್ರದ ಸಂಗ್ರಹಾಲಯದ ಆಸ್ತಿ. ಆ ದೇಶದ ನಾಣ್ಯಕ್ಕೆ 'ಲಾರಿ' ಎಂದು ಹೆಸರು. 1 ಲಾರಿಯ ನೋಟಿನ ಮೇಲೆ ಅವನ ಮುಖವನ್ನು ಅಚ್ಚು ಹಾಕಿದರು. ಬದುಕಿದ್ದಾಗ ಕೈಯಲ್ಲಿ ನೋಟಿಲ್ಲದವನು ಸತ್ತ ಮೇಲೆ ತಾನೇ ನೋಟಾದನು. ಅವನು ಕೂಲಿಗೆ ಬರೆದ ಮೇಜುಗಳ ಪ್ರತಿಗಳು ಇಂದು ಕೇರಿ ಕೇರಿಯ ಊಟದ ಮನೆಗಳಲ್ಲಿ ತೂಗಿ, ಬಂದವರ ಹಸಿವನ್ನು ಕೆರಳಿಸುತ್ತಿವೆ.

ಪರಂಪರೆಯ ಊಟವೆಂದು ಹೇಳಿ ನಮ್ಮ ಮುಂದೆ ತಟ್ಟೆಯನ್ನಿಡುವಾಗ ಪರಂಪರೆಯು ತನ್ನಷ್ಟಕ್ಕೆ ತಾನೇ ನಡೆದು ಬಂದಿತೆಂದು ನಾವು ತಿಳಿಯುತ್ತೇವೆ. ಮಾತನಾಡಿದವರ ಹೆಸರು ಉಳಿಯುತ್ತದೆ. ಬಡಿಸಿದವರ, ಬರೆದವರ ಹೆಸರು ಹೊಗೆಯೊಡನೆ ಹೋಗುತ್ತದೆ. ಈ ಇಬ್ಬರದು ಉಳಿದದ್ದು ಆಕಸ್ಮಿಕ. ಒಂದು ಪುಸ್ತಕ ರದ್ದಿಗೆ ಹೋಗದೆ ಸಂತೆಗೆ ಬಂದಿತು. ಒಂದು ಮೇಣಗಪಡ ಒಲೆಗೆ ಬೀಳದೆ ಗೋಡೆಯಲ್ಲಿ ಉಳಿಯಿತು. ಹೀಗೆ ಉಳಿಯದೆ ಹೋದ ಪುಸ್ತಕಗಳೆಷ್ಟೋ, ಚಿತ್ರಗಳೆಷ್ಟೋ, ಅಲ್ಲಿ ಮಾತ್ರವಲ್ಲ.

ಸುಪ್ರಾದಲ್ಲಿ ಅಗಲಿದವರ ಹೆಸರಿನ ಬಟ್ಟಲು ಬಂದಾಗ ಗದ್ದಲ ಅಡಗುತ್ತದೆ. ಕೆಲವರು ಕುಡಿಯುವ ಮುನ್ನ ರೊಟ್ಟಿಯ ತುಣುಕೊಂದರ ಮೇಲೆ ಎರಡು ಹನಿ ರಸವನ್ನು ಚೆಲ್ಲುತ್ತಾರೆ. ಅದು ಸತ್ತವರ ಪಾಲು. ಆ ನೆಲಮಾಳಿಗೆಯ ಕಮಾನಿನಡಿಯಲ್ಲಿ, ಬಾರ್ಬಾರೆಯ ಅಡಿಗೆ ಮೇಜಿನ ಮೇಲೆ, ಪಿರೋಸ್ಮಾನಿಯ ಮೇಜು ಗೋಡೆಯ ಮೇಲೆ ಇರುವಾಗ ಆ ಎರಡು ಹನಿ ಬಿದ್ದರೆ, ತಡವಾಗಿಯಾದರೂ ಈ ಇಬ್ಬರಿಗೂ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದಂತಾಗುತ್ತದೆ.